ವರ್ಷದ ಮುಕ್ತ ತಂತ್ರಾಂಶ ಆರಿಸುವ ಮುನ್ನ ಪ್ಲಗ್ ಕಿತ್ತು ನೋಡಿ

ಮಾನ್ಯ ಸಂಪಾದಕರೇ,

ಡಿಸೆಂಬರ್ ಬಂತೆಂದರೆ ಪತ್ರಿಕೆಗಳ ತಂತ್ರಜ್ಞಾನ ಪುಟದಲ್ಲಿ ‘ವರ್ಷದ ಅತ್ಯುತ್ತಮ ಹೊಸ ಉಚಿತ ತಂತ್ರಾಂಶ’ಗಳ ಪಟ್ಟಿ ಹಾಜರು. ಕಾಲೇಜು ಉತ್ಸವಗಳಲ್ಲೂ ಇಂಥ ಬಹುಮಾನಗಳುಂಟು. ಆರಿಸುವುದರ ಬಗ್ಗೆ ನಮ್ಮ ತಕರಾರಿಲ್ಲ, ಆರಿಸುವ ಬಗೆಯ ಮೇಲಿದೆ. ಎಷ್ಟು ಡೌನ್‌ಲೋಡ್ ಆಯಿತು, ಕೋಡ್ ಹಂಚುವ ತಾಣ ಗಿಟ್‌ಹಬ್‌ನಲ್ಲಿ ಎಷ್ಟು ಮೆಚ್ಚುಗೆಯ ನಕ್ಷತ್ರ ಬಿತ್ತು ಎಂದು ಎಣಿಸಿ ಕೈತೊಳೆದುಕೊಳ್ಳುತ್ತಾರೆ. ನಕ್ಷತ್ರ ದುಡ್ಡಿಗೆ ಸಿಗುತ್ತದೆ. ಓದುಗರ ಮತ ಕೇಳಿದರೆ ಯಾರ ವಾಟ್ಸ್‌ಆ್ಯಪ್ ಬಳಗ ದೊಡ್ಡದೋ ಅವರದೇ ಗೆಲುವು. ತಂತ್ರಾಂಶವನ್ನು ಹಾಕಿ, ಕೆಡಿಸಿ, ಕಿತ್ತು, ಮತ್ತೆ ಹಾಕಿ ನೋಡಿದವರು ಮಾತ್ರ ಅಂಕ ಕೊಡಬೇಕು. ಹೇಗೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ. ಉದ್ದವಾಯಿತೆಂದು ಕತ್ತರಿ ಹಾಕುವುದಾದರೆ ಕನ್ನಡದ ಭಾಗವನ್ನಾದರೂ ಉಳಿಸಿಕೊಳ್ಳಿ.

ಇಂಗ್ಲಿಷಿನ ‘ಫ್ರೀ’ಗೆ ಎರಡು ಅರ್ಥ. ಕನ್ನಡಕ್ಕೆ ಆ ಕಷ್ಟವಿಲ್ಲ: ಪುಕ್ಕಟೆ ಬೇರೆ, ಮುಕ್ತ ಬೇರೆ. ಹಾಗಿದ್ದೂ ಪಟ್ಟಿ ಮಾಡುವವರು ಎರಡನ್ನೂ ‘ಉಚಿತ’ ಎಂಬ ಒಂದೇ ಚೀಲಕ್ಕೆ ತುಂಬುತ್ತಾರೆ. ಯಾವ ಕೆಲಸಕ್ಕಾದರೂ ಬಳಸಲು, ಒಳಗೆ ಹೇಗಿದೆಯೆಂದು ನೋಡಿ ತಿದ್ದಲು, ಪ್ರತಿ ಹಂಚಲು, ತಿದ್ದಿದ ಪ್ರತಿಯನ್ನೂ ಹಂಚಲು ಬಿಟ್ಟರೆ ಅದು ಮುಕ್ತ. ಇದನ್ನು ತಿಳಿಯಲು ಸೋರ್ಸ್ ಕೋಡ್ (ಪ್ರೋಗ್ರಾಂನ ಮೂಲ ಬರಹ) ಇರುವ ಜಾಗದಲ್ಲಿ ‘ಲೈಸೆನ್ಸ್’ ಅಥವಾ ‘ಕಾಪಿಯಿಂಗ್’ ಎಂಬ ಫೈಲ್ ತೆರೆಯಬೇಕು. ಜಿಪಿಎಲ್, ಎಜಿಪಿಎಲ್, ಎಂಪಿಎಲ್, ಅಪಾಚೆ, ಎಂಐಟಿ ಎಂಬ ಮುಕ್ತ ಲೈಸೆನ್ಸುಗಳಲ್ಲೊಂದು ಇದ್ದರೆ ಮುಂದಕ್ಕೆ ಹೋಗಬಹುದು. ಫೈಲೇ ಇಲ್ಲದಿದ್ದರೆ ಕೋಡ್ ಬಯಲಿನಲ್ಲಿ ಬಿದ್ದಿದ್ದರೂ ಮುಕ್ತವಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಲೆಕ್ಕದಲ್ಲಿ ಕಂಪ್ಯೂಟರ್ ಪ್ರೋಗ್ರಾಂ ಕೂಡ ಸಾಹಿತ್ಯ ಕೃತಿಯೇ. ಬರೆದವರ ಅನುಮತಿಯಿಲ್ಲದೆ ಅದನ್ನು ಹಂಚುವಂತಿಲ್ಲ.

ಎಡವುವುದು ಅರೆಬರೆ ಮುಕ್ತವಾದವುಗಳಲ್ಲಿ. ಬಿಸಿನೆಸ್ ಸೋರ್ಸ್ ಲೈಸೆನ್ಸ್, ಡೇಟಾಬೇಸ್ ಕಂಪನಿ ಮಾಂಗೋಡಿಬಿ 2018ರಲ್ಲಿ ತಂದ ಎಸ್‌ಎಸ್‌ಪಿಎಲ್ ಲೈಸೆನ್ಸ್, ‘ವಾಣಿಜ್ಯ ಬಳಕೆಗಲ್ಲ’ ಎಂಬ ಷರತ್ತು, ಇವೆಲ್ಲ ಕೋಡ್ ಓದಲು ಬಿಟ್ಟು ಬಳಕೆಗೆ ಬೇಲಿ ಹಾಕುತ್ತವೆ. ‘ವಾಣಿಜ್ಯ ಬಳಕೆಗಲ್ಲ’ ಎಂದರೆ ತೋಟದ ಚೆಕ್‌ರೋಲ್ (ಆಳುಗಳ ಹಾಜರಿ-ಕೂಲಿ ಪಟ್ಟಿ) ಬರೆಯಲೂ ಬರುವುದಿಲ್ಲ, ಡಿಟಿಪಿ ಅಂಗಡಿಗೂ ಬರುವುದಿಲ್ಲ. ಈಗ ಎಐ ಮಾದರಿಗಳ ಕಾಲ. ಮೆಟಾ ಕಂಪನಿಯ ಲಾಮಾ ಎಂಬ ಮಾದರಿಯನ್ನು ‘ಓಪನ್’ ಎಂದು ಬರೆಯುವವರೇ ಹೆಚ್ಚು. ಅದರ ಲೈಸೆನ್ಸಿನಲ್ಲಿ ತಿಂಗಳಿಗೆ 70 ಕೋಟಿಗಿಂತ ಹೆಚ್ಚು ಬಳಕೆದಾರರಿರುವ ಕಂಪನಿ ಬೇರೆ ಅನುಮತಿ ಕೇಳಬೇಕೆಂಬ ಷರತ್ತಿದೆ. ನಮ್ಮಲ್ಲಿ ಯಾರಿಗೂ ಆ ಷರತ್ತು ತಗುಲುವುದಿಲ್ಲ, ನಿಜ. ಆದರೂ ಮುಕ್ತ ತಂತ್ರಾಂಶದ ಬಹುಮಾನಕ್ಕೆ ಅದು ಹೊರಗೆ. ಪ್ರೋಗ್ರಾಂಗೆ ಒಂದು ಲೈಸೆನ್ಸ್, ಅದರ ಜೊತೆ ಬರುವ ಫಾಂಟಿಗೋ ಎಐ ಮಾದರಿಗೋ ಇನ್ನೊಂದು ಇರುವುದೂ ಉಂಟು, ಎಲ್ಲವನ್ನೂ ನೋಡಬೇಕು. ಇಲ್ಲಿ ಅಂಕದ ಮಾತಿಲ್ಲ. ಪಾಸು ಇಲ್ಲವೇ ಫೇಲು.

‘ಹೊಸತು’ ಎಂದರೇನು ಎಂಬುದು ಇನ್ನೂ ಕಗ್ಗಂಟು. ಸರ್ವರ್‌ಗಳನ್ನು ಸಜ್ಜುಗೊಳಿಸುವ ಟೆರಾಫಾರ್ಮ್ ಎಂಬ ತಂತ್ರಾಂಶ 2023ರ ಆಗಸ್ಟಿನಲ್ಲಿ ಲೈಸೆನ್ಸ್ ಬದಲಿಸಿತು. ಹಳೆಯ ಮುಕ್ತ ಕೋಡನ್ನು ಎತ್ತಿಕೊಂಡು ಓಪನ್‌ಟೋಫು ಹುಟ್ಟಿತು, 2024ರ ಜನವರಿಯಲ್ಲಿ ಅದರ ಮೊದಲ ಸ್ಥಿರ ಆವೃತ್ತಿ ಬಂತು. ಹೆಸರು ಹೊಸದು, ಕೋಡ್ ಹಳೆಯದು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಲಿಬ್ರೆಆಫೀಸ್ ಕೂಡ ಹಾಗೆಯೇ. ಕವಲುಗಳಿಗೆ ಬೇರೆ ವಿಭಾಗ ಇಡುವುದು ಲೇಸು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನ ಇತಿಹಾಸದಲ್ಲಿ ಮೊದಲ ಕಮಿಟ್ (ಮೊದಲ ದಾಖಲೆ) ನೋಡಿ: ಒಂದೇ ಏಟಿಗೆ ಲಕ್ಷ ಸಾಲು ಬಂದು ಬಿದ್ದಿದ್ದರೆ ಹಿಂದಿನ ಚರಿತ್ರೆಯನ್ನು ಅಳಿಸಿ ತಂದಿರಬಹುದು, ಕೇಳಬೇಕು.

ನಮ್ಮ ಮುಖ್ಯ ಸಲಹೆ ಇರುವುದೂ ಇಲ್ಲಿಯೇ. 2026ರ ಬಹುಮಾನವನ್ನು 2025ರಲ್ಲಿ ಮೊದಲ ಸ್ಥಿರ ಆವೃತ್ತಿ ಕಂಡ ತಂತ್ರಾಂಶಕ್ಕೆ ಕೊಡಿ. ನವೆಂಬರಿನಲ್ಲಿ ಬಿಡುಗಡೆಯಾಗಿ ಡಿಸೆಂಬರಿನಲ್ಲಿ ಬಹುಮಾನ ಪಡೆದದ್ದು ಮಾರ್ಚಿಗೆ ಬದುಕಿರುತ್ತದೆಯೇ ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಕಾಫಿಯವರಿಗೆ ಇದು ಹೊಸ ಮಾತಲ್ಲ. ಎಲೆ ತುಕ್ಕನ್ನು ತಡೆಯುತ್ತದೆಂದು 1980ರ ದಶಕದಲ್ಲಿ ಬಂದ ಕಾವೇರಿ ತಳಿ ಕೆಲವೇ ವರ್ಷಗಳಲ್ಲಿ ತುಕ್ಕಿಗೇ ತುತ್ತಾಯಿತು. 1940ರ ದಶಕದ ಎಸ್.795 ತಳಿ ಇನ್ನೂ ತೋಟಗಳಲ್ಲಿದೆ. ಒಂದು ವರ್ಷ ಬಿಟ್ಟು ನೋಡಿದರೆ ಆಮೇಲೆ ಎಷ್ಟು ಆವೃತ್ತಿ ಬಂದವು, ಬಳಕೆದಾರರು ಹೇಳಿದ ದೋಷಗಳಿಗೆ ಉತ್ತರ ಸಿಕ್ಕಿತೇ ಎಂಬುದು ತಾನಾಗಿ ಕಾಣುತ್ತದೆ.

ಪರೀಕ್ಷೆಗೆ ಹೊಸ ಲ್ಯಾಪ್‌ಟಾಪ್ ಬೇಡ, ಹಳೆಯ ಡೆಸ್ಕ್‌ಟಾಪ್ ಇರಲಿ. 4 ಜಿಬಿ ರ‍್ಯಾಮ್, ಎಸ್‌ಎಸ್‌ಡಿ ಅಲ್ಲದ ಹಳೆಯ ಬಗೆಯ ಹಾರ್ಡ್‌ಡಿಸ್ಕ್, ಆಗಷ್ಟೇ ಹಾಕಿದ ಲಿನಕ್ಸ್ ಸಾಕು. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇಲ್ಲದೆ ವಿಂಡೋಸ್ 11ಕ್ಕೆ ಹೋಗಲಾಗದ ಯಂತ್ರಗಳು ಶಾಲೆಗಳಲ್ಲೂ ಸಂಘಗಳಲ್ಲೂ ಬೇಕಾದಷ್ಟಿವೆ. ‘ಆಗಷ್ಟೇ ಹಾಕಿದ’ ಎಂದದ್ದಕ್ಕೆ ಕಾರಣ, ಪ್ರೋಗ್ರಾಂ ಬರೆದವರ ಯಂತ್ರದಲ್ಲಿ ಬೇಕಾದ ಲೈಬ್ರರಿಗಳೆಲ್ಲ (ನೆರವಿನ ಕೋಡ್) ಮೊದಲೇ ಕೂತಿರುತ್ತವೆ. ಖಾಲಿ ಯಂತ್ರದಲ್ಲಿ ಅದೇ ಪ್ರೋಗ್ರಾಂ ಮೊದಲ ನಿಮಿಷಕ್ಕೇ ಮಗುಚಿಕೊಳ್ಳುತ್ತದೆ. ಹಾಕಿದ ಮೇಲೆ ನೆಟ್ ತೆಗೆದು ಅರ್ಧ ಗಂಟೆ ಕೆಲಸ ಮಾಡಿ. ಲಾಗಿನ್ ಕೇಳಿ ನಿಂತರೆ, ಮಳೆಗಾಲದಲ್ಲಿ ನೆಟ್ ಕೈಕೊಡುವ ಕೊಪ್ಪ, ಕಳಸದ ಕಡೆ ಅದು ನಿರುಪಯೋಗಿ. ಆಮೇಲೆ ‘ಸೇವ್’ ಒತ್ತಿದ ಕೂಡಲೇ ಪ್ಲಗ್ ಕೀಳಿ. ಐದು ಸಲ ಮಾಡಿ. ಹಳೆಯ ಫೈಲಿನ ಮೇಲೆಯೇ ನೇರವಾಗಿ ಬರೆಯುವ ಪ್ರೋಗ್ರಾಂ ಆದರೆ ಹಳತೂ ಇಲ್ಲ, ಹೊಸತೂ ಇಲ್ಲ ಎಂಬಂತಾಗುತ್ತದೆ. ಬೇರೆ ಫೈಲಿಗೆ ಬರೆದು ಮುಗಿಸಿ ಆಮೇಲೆ ಹೆಸರು ಬದಲಿಸುವಂಥದ್ದು, ಇಲ್ಲವೇ ಎಸ್‌ಕ್ಯುಲೈಟ್ ಡೇಟಾಬೇಸನ್ನು ಸರಿಯಾಗಿ ಬಳಸುವಂಥದ್ದು ಉಳಿದುಕೊಳ್ಳುತ್ತದೆ.

ಇನ್ನು ಕನ್ನಡ. ಮೆನು ಕನ್ನಡದಲ್ಲಿದೆಯೇ ಎಂದಷ್ಟೇ ನೋಡಿ ಪೂರ್ತಿ ಅಂಕ ಕೊಡುವವರಿದ್ದಾರೆ; ಅದು ತೀರಾ ಮೇಲ್ಮೈ. ‘ಲಕ್ಷ್ಮೀ’ ಎಂದು ಬರೆದು ಒತ್ತಿನ ಕೆಳತುದಿ ಬಟನ್ನಿನಲ್ಲೋ ಕೋಷ್ಟಕದ ಮನೆಯಲ್ಲೋ ಕತ್ತರಿಸಿಹೋಗುತ್ತದೆಯೇ ನೋಡಿ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಾಲು ಬಿಗಿದಿದ್ದರೆ ಕತ್ತರಿಸಿಯೇ ತೀರುತ್ತದೆ. ‘ರ‍್ಯಾಂಕ್’, ‘ರಾಜ್‌ಕುಮಾರ್’ ಬರೆದು ಸೇವ್ ಮಾಡಿ ಮತ್ತೆ ತೆರೆಯಿರಿ. ಈ ಪದಗಳೊಳಗೆ ಯೂನಿಕೋಡ್ ಎಂಬ ಅಕ್ಷರಸಂಕೇತ ಪಟ್ಟಿಯ, ಕಣ್ಣಿಗೆ ಕಾಣದ ಚಿಹ್ನೆಗಳಿವೆ. ಅವನ್ನು ಕಸವೆಂದು ಒರೆಸಿಹಾಕುವ ಪ್ರೋಗ್ರಾಂಗಳಲ್ಲಿ ಮೊದಲನೆಯದು ‘ರ್ಯಾಂಕ್’ ಎಂದು ಅರ್ಕಾವತ್ತು ಹೊತ್ತುಕೊಳ್ಳುತ್ತದೆ, ಎರಡನೆಯದು ‘ರಾಜ್ಕುಮಾರ್’ ಆಗುತ್ತದೆ. ‘ಕೊಪ್ಪ’ ಹುಡುಕಿದರೆ ಕೆಲವು ಸಲ ಇದ್ದದ್ದೂ ಸಿಗುವುದಿಲ್ಲ. ‘ಕೊ’ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಎರಡು ತುಂಡಾಗಿಯೂ ಬರೆಯಬಹುದು, ಹುಡುಕುವ ಮೊದಲು ಎರಡನ್ನೂ ಒಂದು ರೂಪಕ್ಕೆ ತರದಿದ್ದರೆ ಕಣ್ಣಿಗೆ ಒಂದೇ ಕಂಡರೂ ಯಂತ್ರಕ್ಕೆ ಬೇರೆ.

ಅಕಾರಾದಿ ಕ್ರಮಕ್ಕೆ ‘ಕಸಬಾ’, ‘ಕಳಸ’ ಎರಡೇ ಹೆಸರು ಸಾಕು. ನಿಘಂಟಿನಲ್ಲಿ ಳ ಬರುವುದು ಹ ಆದ ಮೇಲೆ, ಹಾಗಾಗಿ ಕಸಬಾ ಮೊದಲು. ಯೂನಿಕೋಡ್ ಪಟ್ಟಿಯಲ್ಲಿ ಳ ಕೂತಿರುವುದು ಲ ಪಕ್ಕ. ಬರೀ ಸಂಕೇತದ ಅಂಕಿ ನೋಡಿ ಜೋಡಿಸುವ ಪ್ರೋಗ್ರಾಂ ಕಳಸವನ್ನು ಮೇಲಕ್ಕೆ ತರುತ್ತದೆ. ಮತದಾರರ ಪಟ್ಟಿಯಂಥ ಉದ್ದದ ಪಟ್ಟಿಯಲ್ಲಿ ಇದು ಸಣ್ಣ ದೋಷವಲ್ಲ. ಪಿಡಿಎಫ್ ಮಾಡಿ, ಅದರಿಂದ ಒಂದು ಪ್ಯಾರಾ ನಕಲಿಸಿ ಬೇರೆಡೆ ಅಂಟಿಸಿ ನೋಡಿ. ಅಕ್ಷರಗಳು ಕಲಸಿಹೋಗಿದ್ದರೆ ಆ ಪಿಡಿಎಫ್ ಮುದ್ರಣಕ್ಕಷ್ಟೇ ಲಾಯಕ್ಕು, ಹುಡುಕಾಟಕ್ಕೆ ಸಿಗುವುದಿಲ್ಲ. ಕಚೇರಿಗಳಲ್ಲಿ ಉಳಿದಿರುವ ಹಳೆಯ ನುಡಿ, ಬರಹ ಫಾಂಟುಗಳ ಕಡತವನ್ನು ಒಳಗೆ ತರಲು ದಾರಿಯಿದ್ದರೆ ಹೆಚ್ಚುವರಿ ಅಂಕ ಕೊಡಬಹುದು. ಇಲ್ಲದಿದ್ದರೆ ಕಳೆಯುವುದು ಬೇಡ, ಅದು ಹೊಸಬರ ತಪ್ಪಲ್ಲ.

ಹಾಕಿದ ಮಾಹಿತಿ ಹೊರಗೆ ಬರುತ್ತದೆಯೇ? 200 ಸಾಲು ತುಂಬಿ ಸಿಎಸ್‌ವಿ (ಅಲ್ಪವಿರಾಮ ಹಾಕಿ ಬೇರ್ಪಡಿಸಿದ ಸಾದಾ ಕೋಷ್ಟಕದ ಫೈಲ್) ಮಾಡಿಕೊಂಡು, ಪ್ರೋಗ್ರಾಂ ಕಿತ್ತು, ಬೇರೆ ಯಂತ್ರದಲ್ಲಿ ಹಾಕಿ ಮತ್ತೆ ತುಂಬಿ. 200 ಸಾಲೂ ಸಿಗದಿದ್ದರೆ ಫೇಲು. ಸಿಎಸ್‌ವಿಯನ್ನು ಎಕ್ಸೆಲ್‌ನಲ್ಲಿ ತೆರೆದಾಗ ಕನ್ನಡ ಚಿತ್ರವಿಚಿತ್ರವಾಗಿ ಕಂಡರೆ ಗಾಬರಿ ಬೇಡ. ಫೈಲಿನ ತಲೆಯಲ್ಲಿ ಯುಟಿಎಫ್-8 ಎಂಬ ಎನ್‌ಕೋಡಿಂಗಿನ (ಅಕ್ಷರಗಳನ್ನು ಸಂಕೇತವಾಗಿ ಬರೆಯುವ ಕ್ರಮದ) ಗುರುತು ಇಲ್ಲದಿದ್ದರೆ ಎಕ್ಸೆಲ್ ಹಾಗೆ ಮಾಡುತ್ತದೆ, ಲಿಬ್ರೆಆಫೀಸ್ ತೆರೆಯುವಾಗಲೇ ಯಾವ ಎನ್‌ಕೋಡಿಂಗ್ ಎಂದು ಕೇಳುತ್ತದೆ.

ತಂತ್ರಾಂಶದ ಹಿಂದೆ ಎಷ್ಟು ಜನರಿದ್ದಾರೆ ಎಂಬುದಕ್ಕೂ ತೂಕ ಕೊಡಿ. 2024ರ ಮಾರ್ಚಿನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಯುಟಿಲ್ಸ್ ಎಂಬ ತಂತ್ರಾಂಶದಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳನುಸುಳುವ ದಾರಿ) ಪತ್ತೆಯಾಯಿತು. ಹೆಚ್ಚುಕಡಿಮೆ ಒಬ್ಬರೇ ನೋಡಿಕೊಳ್ಳುತ್ತಿದ್ದ ಯೋಜನೆ ಅದು. ನೆರವಿಗೆ ಬಂದು ನಂಬಿಕೆ ಗಳಿಸಿದವನೇ ಕೈಚಳಕ ತೋರಿಸಿದ್ದ. ಅದನ್ನು ಚಾಲೂ ಮಾಡುವ ತುಣುಕು ಗಿಟ್‌ನಲ್ಲಿರಲಿಲ್ಲ, ಬಿಡುಗಡೆಯ ಕಟ್ಟಿನಲ್ಲಷ್ಟೇ ಇತ್ತು. ಹಾಗಾಗಿ ಡೌನ್‌ಲೋಡಿಗೆ ಇಟ್ಟ ಕಟ್ಟನ್ನೂ ಗಿಟ್‌ನ ಕೋಡನ್ನೂ ಹೋಲಿಸಿ ನೋಡಬೇಕು. ಆ್ಯಂಡ್ರಾಯ್ಡ್ ಆದರೆ ಮುಕ್ತ ಆ್ಯಪ್‌ಗಳ ಮಳಿಗೆ ಎಫ್-ಡ್ರಾಯ್ಡ್‌ನಲ್ಲಿ ಸಿಗುತ್ತದೆಯೇ ನೋಡಿ. ಅಲ್ಲಿ ಸೋರ್ಸಿನಿಂದ ಕಟ್ಟಿಯೇ ಹಂಚುವುದು, ಬಳಕೆದಾರರ ಮೇಲೆ ಕಣ್ಣಿಡುವಂಥ ಗುಣವಿದ್ದರೆ ಅದನ್ನೂ ನಮೂದಿಸುತ್ತಾರೆ.

ತೀರ್ಪುಗಾರರು ಐವರಿದ್ದರೆ ಇಬ್ಬರಾದರೂ ಪ್ರೋಗ್ರಾಂ ಬರೆಯದವರಾಗಿರಲಿ: ಸಂಘದ ಗುಮಾಸ್ತರು, ಗ್ರಂಥಪಾಲಕರು, ತೋಟದ ಲೆಕ್ಕ ಬರೆಯುವ ರೈಟರು. ಮಳೆಯನ್ನು ಇಂಚು-ಸೆಂಟಿನಲ್ಲಿ (ಸೆಂಟು ಇಂಚಿನ ನೂರರಲ್ಲೊಂದು) ಬರೆದಿಡುವ ಊರಿನಲ್ಲಿ ಮಿಲಿಮೀಟರ್ ಮಾತ್ರ ಗೊತ್ತಿರುವ ತಂತ್ರಾಂಶದ ಕೊರತೆ ಅವರ ಕಣ್ಣಿಗೇ ಮೊದಲು ಬೀಳುವುದು. ಒಬ್ಬೊಬ್ಬರೂ 30 ದಿನ ಬಳಸಲಿ, ಬೇರೆ ಬೇರೆ ಯಂತ್ರದಲ್ಲಿ. ಸ್ಪರ್ಧೆಯಲ್ಲಿರುವ ತಂತ್ರಾಂಶಕ್ಕೆ ಕೋಡ್ ಬರೆದುಕೊಟ್ಟವರು ಆ ಸುತ್ತಿನಿಂದ ಎದ್ದು ಹೋಗಲಿ. ಯಾವುದೂ ಪಾಸಾಗದ ವರ್ಷ ಬಹುಮಾನವನ್ನು ತಡೆಹಿಡಿಯಲಿ.

ನಿಮ್ಮ ಪತ್ರಿಕೆ ಮುಂದಿನ ಸಲ ಪಟ್ಟಿ ಹಾಕುವಾಗ ಪ್ರತಿ ಹೆಸರಿನ ಮುಂದೆ ಆವೃತ್ತಿ ಸಂಖ್ಯೆ, ಲೈಸೆನ್ಸ್, ಪರೀಕ್ಷಿಸಿದ ಯಂತ್ರ, ಪರೀಕ್ಷಿಸಿದ ದಿನಾಂಕ ಈ ನಾಲ್ಕನ್ನು ಅಚ್ಚು ಮಾಡಬೇಕೆಂದು ಕೋರುತ್ತೇವೆ. ಸೋತವು ಎಲ್ಲಿ ಸೋತವು ಎಂಬುದನ್ನೂ ಒಂದು ಸಾಲಿನಲ್ಲಿ ಹಾಕಿ. ಅದನ್ನು ಅವುಗಳ ದೋಷಪಟ್ಟಿಗೆ ಸೇರಿಸುವ ಕೆಲಸವನ್ನು ಓದುಗರೇ ಮಾಡಬಲ್ಲರು.

ಇಂತಿ,
ಮುಕ್ತ ತಂತ್ರಾಂಶ ಬಳಸುವ ಕೆಲವು ಓದುಗರು
ಚಿಕ್ಕಮಗಳೂರು