ದ್ರಾಕ್ಷಿ ತೋಟದ ಅಣ್ಣನಿಗೆ ಥ್ಯಾಂಕ್ಸ್

ಶನಿವಾರ ಸಂಜೆ ದೊಡ್ಡಬಳ್ಳಾಪುರದ ಕಡೆ ನಮ್ಮ ಕಾರಿನ ಟೈರ್ ಬದಲಿಸಿಕೊಟ್ಟ ಅಣ್ಣಾ, ನಿಮ್ಮ ಹೆಸರು ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಂದಿ ಬೆಟ್ಟದ ತಪ್ಪಲಿನ ವೈನರಿ ನೋಡಿಕೊಂಡು ನಾನೂ ನನ್ನ ಹೆಂಡತಿಯೂ ರೂಮಿಗೆ ಹೊರಟಿದ್ದೆವು. ಅವಳು ವೈನ್ ಮುಟ್ಟುವುದಿಲ್ಲ, ಹಾಗಾಗಿ ಡ್ರೈವಿಂಗ್ ಅವಳದೇ. ದ್ರಾಕ್ಷಿ ಚಪ್ಪರಗಳ ಮಧ್ಯದ ರಸ್ತೆಯಲ್ಲಿ ಟೈರ್ ಪಂಕ್ಚರ್. ಸ್ಟೆಪ್ನಿ ಇತ್ತು, ಜಾಕ್ ಇತ್ತು, ಆದರೆ ಸ್ಪ್ಯಾನರ್ ಮೇಲೆ ಹತ್ತಿ ನಿಂತರೂ ನಟ್ ಅಲ್ಲಾಡಲಿಲ್ಲ. ಕತ್ತಲಾಗುತ್ತಿತ್ತು, ಫೋನಿಗೆ ಸಿಗ್ನಲ್ ಇಲ್ಲ, ಒಬ್ಬರೂ ಗಾಡಿ ನಿಲ್ಲಿಸಲಿಲ್ಲ.

ನೀವು ಟಿವಿಎಸ್ ಗಾಡಿ ನಿಲ್ಲಿಸಿ ಹೆಡ್‌ಲೈಟ್ ನಮ್ಮ ಕಡೆ ತಿರುಗಿಸಿದಿರಿ. ಮೊದಲು ಚಕ್ರಕ್ಕೆ ಕಲ್ಲು ಕೊಟ್ಟಿರಿ. ಆಮೇಲೆ ತೋಟದೊಳಗಿಂದ ಒಂದು ಕಬ್ಬಿಣದ ಪೈಪ್ ತಂದು ಸ್ಪ್ಯಾನರಿನ ಹಿಡಿಗೆ ತೂರಿಸಿ ಒತ್ತಿದಿರಿ ನೋಡಿ, ಕಟ್ ಅಂತ ನಟ್ ಬಿಟ್ಟುಕೊಂಡಿತು, ನನಗೆ ಆಗ ಹೋದ ಜೀವ ಬಂದಂತಾಯಿತು. ಬಿಚ್ಚಿದ ನಟ್‌ಗಳು ಮಣ್ಣಿಗೆ ಬೀಳದ ಹಾಗೆ ನಿಮ್ಮ ಟವೆಲ್ ಹಾಸಿ ಇಟ್ಟಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ.

"ಅಕ್ಕಾ, ಹೆದರ್ಕೋಬೇಡಿ, ಐದು ನಿಮಿಷ" ಅಂದಿರಿ. ದುಡ್ಡು ಕೊಡಲು ಹೋದರೆ "ಬುಡಿ ಸಾರ್" ಅಂತ ಕೈ ಸರಿಸಿ, ಬೆಂಗಳೂರು ಬ್ಲೂ ದ್ರಾಕ್ಷಿಯ ಗೊಂಚಲು ತೊಳೆದು ಅವಳ ಕೈಗಿಟ್ಟಿರಿ. 2013ರಲ್ಲಿ ಜಿಐ ಟ್ಯಾಗ್ (ಈ ಪ್ರದೇಶದ್ದೇ ವಿಶೇಷ ಬೆಳೆ ಎಂಬ ಅಧಿಕೃತ ಗುರುತು) ಸಿಕ್ಕಿದ ಅದೇ ತಳಿ. ಅಷ್ಟು ಘಮ ಪೇಟೆಯ ದ್ರಾಕ್ಷಿಗೆ ಎಲ್ಲಿಂದ ಬರಬೇಕು! ಪಂಕ್ಚರ್ ಅಂಗಡಿ ಸಿಗುವ ತನಕ ಗಾಡಿಯಲ್ಲಿ ನಮ್ಮ ಮುಂದೆಯೇ ಬಂದಿರಿ.

ಆ ಕಡೆಯವರು ಯಾರಾದರೂ ಇದನ್ನು ಓದಿದರೆ ದಯವಿಟ್ಟು ಅವರಿಗೆ ತಿಳಿಸಿ, ನಾವಿಬ್ಬರೂ ಕ್ಷೇಮವಾಗಿ ಮನೆ ಸೇರಿದೆವು. ತುಂಬಾ ಥ್ಯಾಂಕ್ಸ್ ಅಣ್ಣಾ.