ಆಟ ಬಿಟ್ಟು ಬಂದವರನ್ನು ಯಾಕೆ ಆಡಿಕೊಳ್ಳಬೇಕು?

ಮಾನ್ಯ ಸಂಪಾದಕರೇ,

ಟಿವಿ ಕ್ವಿಜ್ ಶೋಗೆ ಹೋಗಿ, ನಡುವೆ ಆಟ ನಿಲ್ಲಿಸಿ, ಅಷ್ಟರವರೆಗೆ ಗೆದ್ದ ದುಡ್ಡು ತಗೊಂಡು ಎದ್ದು ಬಂದವರನ್ನು ಹೀಯಾಳಿಸುವ ಚಟ ಇತ್ತೀಚೆಗೆ ಜಾಸ್ತಿಯಾಗಿದೆ. ವಾಟ್ಸಾಪ್‌ನಲ್ಲಿ ಒಂದು ಚಿಕ್ಕ ವಿಡಿಯೊ ಬರುತ್ತದೆ. ಕೆಳಗೆ ನಗುವ ಮುಖಗಳ ಸಾಲು. 'ಇಷ್ಟೂ ಗೊತ್ತಿಲ್ವಾ?', 'ನಮ್ಮ ಮನೆ ಸಣ್ಣ ಹುಡುಗ ಹೇಳ್ತಾನೆ ಇದನ್ನ'. ಪತ್ರಿಕೆಗಳ ವೆಬ್‌ಸೈಟುಗಳೂ ಅದನ್ನೇ ಎತ್ತಿಕೊಂಡು 'ಸುಲಭ ಪ್ರಶ್ನೆಗೆ ತಡವರಿಸಿದ ಸ್ಪರ್ಧಿ' ಅಂತ ಹೆಡ್ಡಿಂಗ್ ಕೊಡುತ್ತವೆ. ಅದಕ್ಕೇ ಈ ಪತ್ರ.

ನಾನು ವಿಜಯಪುರದಲ್ಲಿ ಝೆರಾಕ್ಸ್ ಅಂಗಡಿ ಇಟ್ಟವನು. ನಮ್ಮೂರಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಎಷ್ಟಿದ್ದಾರೆ ಅಂತ ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಆ ಕಡೆ ಹುನಗುಂದ, ಜಮಖಂಡಿ ಅಂತ ಎಲ್ಲೆಲ್ಲಿಂದಲೋ ಬಂದು ರೂಮ್ ಮಾಡಿಕೊಂಡು, ಮೆಸ್ಸಿನ ಊಟ ಉಂಡು, ಪಿಡಿಒ, ಪಿಎಸ್‌ಐ, ಎಫ್‌ಡಿಎ ಅಂತ ಸರ್ಕಾರಿ ನೌಕರಿಗಳಿಗೆ ವರ್ಷಗಟ್ಟಲೆ ಓದುತ್ತಾರೆ. ಹಳೇ ಪ್ರಶ್ನೆಪತ್ರಿಕೆಗಳ ಝೆರಾಕ್ಸ್ ಮಾಡಿಸಲು ನಮ್ಮಲ್ಲಿಗೆ ಬರುತ್ತಾರೆ. ಮಷಿನ್ ಓಡುವಷ್ಟು ಹೊತ್ತು ಅವರ ಮಾತು ನನ್ನ ಕಿವಿಗೆ ಬೀಳುತ್ತದೆ. ಜಾಸ್ತಿ ಕೇಳುವ ಮಾತು ಯಾವುದು ಗೊತ್ತೇ? ಎಷ್ಟು ಪ್ರಶ್ನೆ ಅಟೆಂಡ್ ಮಾಡಬೇಕು, ಎಷ್ಟು ಬಿಡಬೇಕು ಅನ್ನೋದು. ಒಂದು ಉತ್ತರ ತಪ್ಪಾದರೆ ಕಾಲು ಭಾಗ ಅಂಕ ಕಟ್ ಆಗುತ್ತದೆ. ಹಾಗಾಗಿ 'ಗೊತ್ತಿಲ್ಲದ್ದು ಮುಟ್ಟಬ್ಯಾಡ, ಎರಡರಾಗ ಡೌಟ್ ಇದ್ರ ವಿಚಾರ ಮಾಡು' ಅಂತ ಸೀನಿಯರ್ ಹುಡುಗರು ಹೊಸಬರಿಗೆ ಪಾಠ ಹೇಳುತ್ತಿರುತ್ತಾರೆ. ಸರಿಯಾದ ಪಾಠವೇ.

ಅದೇ ಹುಡುಗರು ಮೊಬೈಲಿನಲ್ಲಿ ಕ್ವಿಜ್ ಶೋ ನೋಡುತ್ತಾ, ಸ್ಪರ್ಧಿ ಆಟ ಬಿಟ್ಟ ತಕ್ಷಣ 'ಅಂಜಿ ಬಿಟ್ಟ ನೋಡ್ರಿ ಕಾಕಾ' ಅಂತ ನಗುತ್ತಾರೆ. ಅಲ್ಲಪ್ಪಾ, ಪರೀಕ್ಷಾ ಹಾಲ್‌ನಲ್ಲಿ ನೀನು ಬಿಟ್ಟರೆ ಜಾಣತನ, ಅವನು ಬಿಟ್ಟರೆ ಅಂಜುಬುರುಕತನವೇ? ನಿನಗೆ ಹೋಗುವುದು ಕಾಲು ಅಂಕ. ಅವನಿಗೆ ಹೋಗುವುದು ಲಕ್ಷಗಟ್ಟಲೆ ರೂಪಾಯಿ.

ಲೆಕ್ಕ ಹಾಕಿಯೇ ನೋಡೋಣ. ಹಿಂದಿ ಶೋ 'ಕೌನ್ ಬನೇಗಾ ಕರೋಡ್‌ಪತಿ'ಯ ಹಲವು ಸೀಸನ್‌ಗಳಲ್ಲಿ ಮೆಟ್ಟಿಲುಗಳು ಹೀಗಿದ್ದವು: 3.2 ಲಕ್ಷಕ್ಕೆ ಒಂದು ಭದ್ರ ಹಂತ (ಆಮೇಲೆ ತಪ್ಪಿದರೂ ಅಷ್ಟು ದುಡ್ಡು ಉಳಿಯುತ್ತದೆ), ಅಲ್ಲಿಂದ ಮೇಲೆ 6.4 ಲಕ್ಷ, 12.5 ಲಕ್ಷ, 25 ಲಕ್ಷ, 50 ಲಕ್ಷ, 1 ಕೋಟಿ. ಒಬ್ಬ ಮನುಷ್ಯ 12.5 ಲಕ್ಷ ಗೆದ್ದು ಕೂತಿದ್ದಾನೆ ಅಂದುಕೊಳ್ಳಿ. ಮುಂದಿನ ಪ್ರಶ್ನೆ 25 ಲಕ್ಷದ್ದು. ಸರಿ ಹೇಳಿದರೆ ಇನ್ನೂ 12.5 ಲಕ್ಷ ಬರುತ್ತದೆ. ತಪ್ಪಿದರೆ 3.2 ಲಕ್ಷಕ್ಕೆ ಬೀಳುತ್ತಾನೆ, ಅಂದರೆ 9.3 ಲಕ್ಷ ಕೈಬಿಟ್ಟು ಹೋಗುತ್ತದೆ. ಬರೀ ಲೆಕ್ಕದ ಪ್ರಕಾರ ನೋಡಿದರೆ ತನ್ನ ಉತ್ತರದ ಮೇಲೆ ನೂರಕ್ಕೆ ಸುಮಾರು 43ಕ್ಕಿಂತ ಹೆಚ್ಚು ನಂಬಿಕೆ ಇದ್ದರೆ ಆಡಬಹುದು. ನಾಲ್ಕು ಆಯ್ಕೆಯಲ್ಲಿ ಯಾವುದೂ ಗೊತ್ತಿಲ್ಲ ಅಂದರೆ ನಂಬಿಕೆ ನೂರಕ್ಕೆ 25 ಮಾತ್ರ. ಅಲ್ಲಿ ಆಡೋದು ಧೈರ್ಯ ಅಲ್ಲ, ಜೂಜು.

ಎರಡರಲ್ಲಿ ಒಂದು ಅಂತ ಆದಾಗ? ಆಡು ಅಂತಲೇ ಹೇಳುತ್ತದೆ ಲೆಕ್ಕ. ಆದರೆ ಆ ಲೆಕ್ಕ ನೂರು ಸಲ ಆಡುವವನಿಗೆ ಸರಿ. ಸ್ಪರ್ಧಿ ಆಡೋದು ಜೀವನದಲ್ಲಿ ಒಂದೇ ಸಲ. ಮನೆಯಲ್ಲಿ ಸೊಸೈಟಿ ಸಾಲ ಇದೆ, ತಂಗಿಯ ಮದುವೆ ಇದೆ, ಬೋರ್‌ವೆಲ್ ಬತ್ತಿದೆ. ಅವನಿಗೆ ಕೈಯಲ್ಲಿರುವ 12.5 ಲಕ್ಷದ ಬೆಲೆ ಬೇರೆ, ಇನ್ನೂ ಬಾರದ 12.5 ಲಕ್ಷದ ಬೆಲೆ ಬೇರೆ. ಇದನ್ನು ಸೋಫಾದ ಮೇಲೆ ಚೂಡಾ ತಿನ್ನುತ್ತಾ ಕೂತ ನಾವು ತೀರ್ಮಾನ ಮಾಡೋಕಾಗುತ್ತಾ?

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತೇ ಇಲ್ಲ. ಪರದೆ ಮೇಲೆ ಕಾಣುವ ದುಡ್ಡು ಪೂರ್ತಿ ಕೈಗೆ ಬರೋದಿಲ್ಲ. ಇಂಥ ಬಹುಮಾನಕ್ಕೆ ನೇರ ಶೇ 30 ಆದಾಯ ತೆರಿಗೆ, ಅದರ ಮೇಲೆ ಸೆಸ್, ಎರಡೂ ಸೇರಿ ಶೇ 31.2. ಅದರಲ್ಲಿ ಶೇ 30 ದುಡ್ಡು ಕೊಡುವಾಗಲೇ ಹಿಡಿದುಕೊಳ್ಳುತ್ತಾರೆ. ನನ್ನ ಆದಾಯ ಕಡಿಮೆ, ತೆರಿಗೆ ಮಿತಿಯೊಳಗೆ ಬರುತ್ತೇನೆ ಅನ್ನೋ ವಿನಾಯಿತಿ ಇಲ್ಲಿ ನಡೆಯೋದಿಲ್ಲ. ಹಾಗಾಗಿ 12.5 ಲಕ್ಷ ಅಂದರೆ ಕೈಗೆ 8.6 ಲಕ್ಷ. 3.2 ಲಕ್ಷ ಅಂದರೆ ಬರೀ 2.2 ಲಕ್ಷ. 50 ಲಕ್ಷ ದಾಟಿದರೆ ಸರ್ಚಾರ್ಜ್ ಬೇರೆ. ಊರಿನವರು ಮಾತ್ರ ಟಿವಿಯಲ್ಲಿ ನೋಡಿದ ಅಂಕಿಯನ್ನೇ ನೆನಪಿಟ್ಟುಕೊಂಡು ಸಾಲ ಕೇಳೋಕೆ ಬರುತ್ತಾರೆ!

'ಇದು ಎಲ್ಲರಿಗೂ ಗೊತ್ತಿರೋ ಪ್ರಶ್ನೆ' ಅನ್ನುವವರಿಗೆ ಒಂದು ಮಾತು. ನಮ್ಮ ಅಂಗಡಿಗೆ ಬಂದವರನ್ನು ಆಗಾಗ ಸುಮ್ನೆ ಕೇಳಿ ನೋಡುತ್ತೇನೆ. ಗೋಲಗುಮ್ಮಟ ಕಟ್ಟಿಸಿದ್ದು ಯಾರು? ಎರಡನೇ ಇಬ್ರಾಹಿಂ ಆದಿಲ್ ಶಾ, ಮೊಹಮ್ಮದ್ ಆದಿಲ್ ಶಾ, ಎರಡನೇ ಅಲಿ ಆದಿಲ್ ಶಾ, ಯೂಸುಫ್ ಆದಿಲ್ ಶಾ. ನಾಲ್ಕು ಹೆಸರು ಮುಂದಿಟ್ಟ ಕೂಡಲೇ ಇದೇ ಊರಲ್ಲಿ ಹುಟ್ಟಿ ಬೆಳೆದವರೂ ತಲೆ ಕೆರೆದುಕೊಳ್ಳುತ್ತಾರೆ. ಯಾಕೆಂದರೆ ಇಬ್ರಾಹಿಂನ ಗೋರಿ ಇಬ್ರಾಹಿಂ ರೋಜಾ ಕೂಡ ಇಲ್ಲೇ ಇದೆ, ಅಲಿಯ ಗೋರಿ ಬಾರಾ ಕಮಾನೂ ಇಲ್ಲೇ ಇದೆ. ಮೊಹಮ್ಮದ್ ಆದಿಲ್ ಶಾ ಅಂತ ಕಡೆಗೆ ಹೇಳುತ್ತಾರೆ, ಆದರೆ 'ಪಕ್ಕಾ?' ಅಂತ ಕೇಳಿದರೆ ಮತ್ತೆ ಡೌಟು. ಹಾಗೇ ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ಕಟ್ಟಿಸಿದ್ದು ಲೋಕಮಹಾದೇವಿಯೋ ತ್ರೈಲೋಕ್ಯಮಹಾದೇವಿಯೋ ಅಂತ ಬಾಗಲಕೋಟೆ ಜಿಲ್ಲೆಯವರನ್ನೇ ಕೇಳಿ ನೋಡಿ. (ಲೋಕಮಹಾದೇವಿ. ಪಕ್ಕದ ಮಲ್ಲಿಕಾರ್ಜುನ ಗುಡಿ ತ್ರೈಲೋಕ್ಯಮಹಾದೇವಿಯದು.) ಒಂದು ವಿಷಯ ಗೊತ್ತಿರೋದು ಬೇರೆ. ನಾಲ್ಕು ಹತ್ತಿರದ ಹೆಸರುಗಳ ನಡುವೆ, ಕಣ್ಣಿಗೆ ಕುಕ್ಕುವ ಲೈಟಿನಲ್ಲಿ, ಎದೆ ಹೊಡೆದುಕೊಳ್ಳುವ ಹಾಗೆ ಬಾರಿಸುವ ಮ್ಯೂಸಿಕ್ಕಿನಲ್ಲಿ, ಎದುರಿಗೆ ಸಿನಿಮಾ ಸ್ಟಾರ್ ಕೂತು 'ಲಾಕ್ ಮಾಡ್ಲಾ?' ಅಂತ ಕೇಳುವಾಗ ಅದನ್ನು ಹೇಳೋದು ಬೇರೆ.

ಈ ಹೀಯಾಳಿಕೆ ನಮ್ಮಲ್ಲಿ ಮಾತ್ರ ಇಲ್ಲ. 2018ರಲ್ಲಿ ಇದೇ ಮಾದರಿಯ ಟರ್ಕಿಯ ಶೋದಲ್ಲಿ ಚೀನಾದ ಮಹಾಗೋಡೆ ಯಾವ ದೇಶದಲ್ಲಿದೆ ಅಂತ ಕೇಳಿದಾಗ ಒಬ್ಬ ಹೆಣ್ಣುಮಗಳು ಎರಡು ಲೈಫ್‌ಲೈನ್ (ಉತ್ತರಕ್ಕೆ ಸಹಾಯ ಪಡೆಯುವ ಅವಕಾಶ) ಬಳಸಿದಳು. ಮೊದಲು ಪ್ರೇಕ್ಷಕರನ್ನು ಕೇಳಿದಳು, ಆಮೇಲೆ ಫ್ರೆಂಡ್‌ಗೆ ಫೋನ್ ಮಾಡಿದಳು. ಜಗತ್ತೆಲ್ಲ ಅವಳನ್ನು ನೋಡಿ ನಕ್ಕಿತು. ಆದರೆ ಪ್ರೇಕ್ಷಕರಲ್ಲಿ ಚೀನಾ ಅಂದವರು ಅರ್ಧದಷ್ಟು ಮಾತ್ರ ಅನ್ನೋದನ್ನು ಯಾರೂ ದೊಡ್ಡದು ಮಾಡಲಿಲ್ಲ. ಉತ್ತರ ಗೊತ್ತಿತ್ತು, ಖಾತ್ರಿ ಮಾಡಿಕೊಂಡೆ, ಲೈಫ್‌ಲೈನ್ ನನ್ನದು, ಬೇಕಾದಾಗ ಬಳಸುತ್ತೇನೆ ಅಂತ ಅವಳು ಆಮೇಲೆ ಹೇಳಿದಳು. ನನಗಂತೂ ಭೇಷ್ ಅನ್ನಿಸಿತು. ಫ್ರಾನ್ಸಿನದು ಇನ್ನೂ ಮಜಾ. ಭೂಮಿಯನ್ನು ಸುತ್ತುವುದು ಯಾವುದು ಅಂತ ಪ್ರಶ್ನೆ. ಸ್ಪರ್ಧಿ ಪ್ರೇಕ್ಷಕರನ್ನು ಕೇಳಿದ, ಶೇ 56 ಮಂದಿ ಸೂರ್ಯ ಅಂದರು, ಪಾಪ ನಂಬಿ ಸೂರ್ಯ ಅಂತಲೇ ಹೇಳಿ ಮನೆಗೆ ಹೋದ. ಇಂಟರ್ನೆಟ್ಟಿನಲ್ಲಿ ಇವತ್ತಿಗೂ ನಗೋದು ಅವನೊಬ್ಬನನ್ನು ನೋಡಿ. ತಪ್ಪು ಹೇಳಿಕೊಟ್ಟ ಆ ಶೇ 56 ಮಂದಿಯ ಮುಖ ಯಾರಿಗೂ ಗೊತ್ತಿಲ್ಲ. ಗುಂಪಿನಲ್ಲಿ ಕೂತವರಿಗೆ ಎಷ್ಟು ಆರಾಮ ನೋಡಿ.

1999ರಲ್ಲಿ ಅಮೆರಿಕದ ಶೋದಲ್ಲಿ ಮೊದಲ ಸಲ ಮಿಲಿಯನ್ ಡಾಲರ್ ಗೆದ್ದ ಜಾನ್ ಕಾರ್ಪೆಂಟರ್ ಕೊನೇ ಪ್ರಶ್ನೆಗೆ ತಂದೆಗೆ ಫೋನ್ ಮಾಡಿ, ಸಹಾಯ ಬೇಡ, ನಾನು ಗೆಲ್ತಾ ಇದ್ದೇನೆ ಅಂತ ಹೇಳೋಕೆ ಮಾಡಿದೆ ಅಂದಿದ್ದ. ಅವನ ಕೆಲಸ ತೆರಿಗೆ ಇಲಾಖೆಯಲ್ಲಿ, ಅದೊಂದು ತಮಾಷೆ. ಆ ವಿಡಿಯೊ ನೋಡಿದವರಿಗೆಲ್ಲ ಸ್ಪರ್ಧಿ ಕೂರುವ ಹಾಟ್ ಸೀಟಿಗೆ ಹೋದವರು ಹಾಗೇ ಇರಬೇಕು ಅನ್ನಿಸುತ್ತದೆ. ಅಂಥವರು ಅಪರೂಪ ಅಂತಲೇ ಅವರು ಸುದ್ದಿಯಾಗೋದು.

ಇನ್ನು ಪೂರ್ತಿ ಗೆದ್ದವರ ಕಥೆ. ಬಿಹಾರದ ಮೋತಿಹಾರಿಯ ಸುಶೀಲ್ ಕುಮಾರ್ 2011ರಲ್ಲಿ ಹಿಂದಿ ಶೋದಲ್ಲಿ 5 ಕೋಟಿ ಗೆದ್ದರು. ಕಂಪ್ಯೂಟರ್ ಆಪರೇಟರ್ ಆಗಿದ್ದ ಮನುಷ್ಯ. ಗೆದ್ದ ಮೇಲೆ ಬಂದ ಕಷ್ಟ, ದಾನದ ಹೆಸರಲ್ಲಿ ಮೋಸ, ಕುಡಿತದ ಚಟ, ಎಲ್ಲವನ್ನೂ 2020ರಲ್ಲಿ ಫೇಸ್‌ಬುಕ್ಕಿನಲ್ಲಿ ಅವರೇ ಬಿಚ್ಚಿ ಬರೆದುಕೊಂಡರು. ಸೋತರೆ ನಗೋದು, ಗೆದ್ದರೆ ಕಿತ್ತು ತಿನ್ನೋದು. ಸ್ಪರ್ಧಿ ಏನು ಮಾಡಬೇಕು ಹೇಳಿ.

ನಮ್ಮ 'ಕನ್ನಡದ ಕೋಟ್ಯಧಿಪತಿ' 2012ರಲ್ಲಿ ಶುರುವಾದಾಗ ಪುನೀತ್ ರಾಜ್‌ಕುಮಾರ್ ನಡೆಸಿಕೊಡುತ್ತಿದ್ದರು. ನಮ್ಮ ಕಡೆಯವರು ಹೋಗಿ 'ಗೊತ್ತೈತ್ರಿ ಸರ, ಆದ್ರ ಹೆದರಿಕಿ ಆಗ್ತೈತ್ರಿ' ಅನ್ನೋ ಧಾಟಿಯಲ್ಲಿ ಮಾತಾಡಿದರೂ ಅವರು ನಗುತ್ತಾ ಸಮಾಧಾನ ಮಾಡುತ್ತಿದ್ದರು, ಆ ಮನುಷ್ಯನನ್ನು ನೋಡಿ ನಗುತ್ತಿರಲಿಲ್ಲ. ಆ ಎರಡು ನಗುವಿನ ವ್ಯತ್ಯಾಸ ಈಗ ವಿಡಿಯೊ ಕತ್ತರಿಸಿ ಹಾಕುವವರಿಗೆ ಗೊತ್ತಿಲ್ಲ. ನಮ್ಮ ಮಾತಿನ ಧಾಟಿಯನ್ನೇ ಕಾಮಿಡಿ ಅಂತ ಹಾಕುವವರೂ ಇದ್ದಾರೆ. ಅದರ ಬಗ್ಗೆ ಇನ್ನೊಂದು ಪತ್ರವೇ ಬರೆಯಬೇಕು, ಇಲ್ಲಿ ಬೇಡ.

ದೂರದರ್ಶನ ಚಂದನದ 'ಥಟ್ ಅಂತ ಹೇಳಿ' ನೋಡಿ. 2002ರಿಂದ ಬಂದ ಕಾರ್ಯಕ್ರಮ. ಡಾ. ನಾ. ಸೋಮೇಶ್ವರ ಅವರು ಪ್ರಶ್ನೆ ಕೇಳುತ್ತಾರೆ, ಸರಿ ಹೇಳಿದವರಿಗೆ ಪುಸ್ತಕ ಕೊಡುತ್ತಾರೆ. ಅಲ್ಲೂ ಜನ ತಪ್ಪು ಹೇಳುತ್ತಾರೆ, ಎಷ್ಟೋ ಸಲ ಸುಲಭದ ಪ್ರಶ್ನೆಗೇ. ಆ ತಪ್ಪನ್ನು ಯಾರಾದರೂ ಕತ್ತರಿಸಿ ಹಂಚಿದ್ದು ನಾನಂತೂ ನೋಡಿಲ್ಲ. ಕೋಟಿ ರೂಪಾಯಿ ಎದುರಿಗಿದ್ದಾಗ ಮಾತ್ರ ನಮಗೆ ಬೇರೆಯವರ ತಪ್ಪು ಇಷ್ಟು ರುಚಿಸುತ್ತದೆ ಅಂದರೆ, ಅದು ಹೊಟ್ಟೆಕಿಚ್ಚು ಅಲ್ಲದೆ ಮತ್ತೇನು?

ಸಂಪಾದಕರೇ, ನಿಮ್ಮಲ್ಲಿ ಕೇಳಿಕೊಳ್ಳೋದು ಇಷ್ಟೇ. ನಮ್ಮ ಜಿಲ್ಲೆಯವರು ಯಾರಾದರೂ ಇಂಥ ಶೋಗೆ ಹೋದರೆ ಸುದ್ದಿ ಮಾಡಿ, ಬೇಡ ಅನ್ನಲ್ಲ. ಆದರೆ ಎಲ್ಲಿ ಎಡವಿದರು ಅಂತ ಹೆಡ್ಡಿಂಗ್ ಹಾಕುವ ಬದಲು, ಹಾಟ್ ಸೀಟಿಗೆ ಆಯ್ಕೆ ಮಾಡುವ 'ಫಾಸ್ಟೆಸ್ಟ್ ಫಿಂಗರ್' ಸುತ್ತು ದಾಟಲು ಹೇಗೆ ತಯಾರಿ ಮಾಡಿದರು, ಏನು ಓದಿದರು, ಯಾವ ಲೈಫ್‌ಲೈನ್ ಯಾಕೆ ಉಳಿಸಿಕೊಂಡರು, ಆಟ ನಿಲ್ಲಿಸುವಾಗ ಮನಸ್ಸಿನಲ್ಲಿ ಏನು ಲೆಕ್ಕ ಇತ್ತು, ಇದನ್ನು ಕೇಳಿ ಬರೆಸಿ. ತೆರಿಗೆ ಕಳೆದು ಕೈಗೆ ಬರುವ ಮೊತ್ತವನ್ನೂ ಹಾಕಿ, ಆಗ ಸಾಲ ಕೇಳುವವರ ಸಂಖ್ಯೆಯಾದರೂ ಸ್ವಲ್ಪ ಕಮ್ಮಿಯಾದೀತು. ಅಂಥ ಸುದ್ದಿ ಬಂದರೆ ಕತ್ತರಿಸಿ ನಮ್ಮ ಅಂಗಡಿ ಗೋಡೆಗೆ ಅಂಟಿಸುತ್ತೇನೆ. ಪರೀಕ್ಷೆ ಹುಡುಗರು ಅದರ ಝೆರಾಕ್ಸ್ ಕೇಳಿದರೆ ದುಡ್ಡು ತಗೊಳ್ಳಲ್ಲ.

– ಒಬ್ಬ ಝೆರಾಕ್ಸ್ ಅಂಗಡಿಯವ, ವಿಜಯಪುರ