ಎರಡನೇ ಬೀಗದ ಕೈ

ಶಿವಮೊಗ್ಗ, ಗುರುವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಅಪ್ಪನ ಮಂಡಿನೋವು ಮೋಡ ಕಟ್ಟಿದ ದಿನ ಜಾಸ್ತಿ, ಉಳಿದ ದಿನ ಹೇಳಿಕೊಳ್ಳೋಕೆ ಮಾತ್ರ. ನೀನು ಕೇಳಿದ ಸಾರಿನ ಪುಡಿ, ಚಟ್ನಿಪುಡಿ ಪಾರ್ಸೆಲ್ ಹೊರಟಿದೆ.

ವಿಷಯ ಅದಲ್ಲ. ಭಾನುವಾರ ಫೋನಿನಲ್ಲಿ ಟ್ಯಾಕ್ಸಿಯವನ ಕಥೆ ಹೇಳಿ ನಕ್ಕೆಯಲ್ಲ, ಅವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಬೆಲ್‌ಫಾಸ್ಟ್ ಸಿಟಿ ಹಾಲ್ ಪಕ್ಕ ಹೋಗುವಾಗ ಒಂದು ಕಟ್ಟಡ ತೋರಿಸಿ, ನಮ್ಮೂರಿನ ದೊಡ್ಡ ದರೋಡೆ ಆಗಿದ್ದು ಇಲ್ಲೇ, ಯಾರು ಮಾಡಿದ್ದು ಅಂತ ಊರಿಗೆಲ್ಲ ಗೊತ್ತು, ಒಳಗಿನವರಿಲ್ಲದೆ ಆಗೋ ಕೆಲಸವಾ ಅದು ಅಂದನಂತೆ. ನೀನೂ 'ಹೌದಲ್ವಾ ಅಮ್ಮ, ಒಳಗಿನವರು ಇದ್ದೇ ಇರ್ತಾರೆ' ಅಂದೆ. ನಾನು ಹೂಂ ಅಂದು, ಊಟ ಆಯ್ತಾ ಅಂತ ಮಾತು ತಿರುಗಿಸಿದೆ. ಯಾಕೆ ತಿರುಗಿಸಿದೆ ಅನ್ನೋದನ್ನು ಫೋನಿನಲ್ಲಿ ಹೇಳೋಕೆ ನನಗೆ ಬಾಯಿ ಬರಲ್ಲ. ಅದಕ್ಕೇ ಈ ಕಾಗದ.

ಆ ದರೋಡೆ ನನಗೆ ಗೊತ್ತು ಕಣೇ. ಬ್ಯಾಂಕಿನ ಟ್ರೈನಿಂಗಿನಲ್ಲಿ ಒಬ್ಬರು ಸಾಹೇಬರು ಜಾಯಿಂಟ್ ಕಸ್ಟಡಿ, ಅಂದರೆ ದುಡ್ಡಿನ ಕೋಣೆ ಇಬ್ಬರ ಕೈಯಲ್ಲಿರೋ ಪದ್ಧತಿ ಬಗ್ಗೆ ಪಾಠ ಮಾಡುವಾಗ ಹೇಳಿದ್ದರು. ಆಮೇಲೆ ನಾನೇ ಹುಡುಕಿ ಓದಿದೆ. ನಿನಗೆ ಆ ಊರಿನಲ್ಲಿ ಸೀಟು ಸಿಕ್ಕಿತು ಅಂದಾಗ ಎಲ್ಲರಿಗೂ ಚಳಿ, ಮಳೆ, ಫೀಸು ನೆನಪಾದರೆ ನನಗೆ ಮೊದಲು ನೆನಪಾಗಿದ್ದು ಇದೇ. ಹೊರಡೋ ಹುಡುಗಿಗೆ ಯಾಕೆ ಅಂತ ಸುಮ್ನಿದ್ದೆ.

2004ರ ಡಿಸೆಂಬರ್ 19, ಭಾನುವಾರ ರಾತ್ರಿ. ನಾರ್ದರ್ನ್ ಬ್ಯಾಂಕಿನ ಇಬ್ಬರು ಅಧಿಕಾರಿಗಳ ಮನೆ ಬಾಗಿಲು ಬಡಿಯಿತು. ಒಂದು ಮನೆ ಪಶ್ಚಿಮ ಬೆಲ್‌ಫಾಸ್ಟ್‌ನ ಪೋಲ್‌ಗ್ಲಾಸ್‌ನಲ್ಲಿ, ಇನ್ನೊಂದು ಡೌನ್ ಕೌಂಟಿಯ ಒಂದು ಹಳ್ಳಿಯಲ್ಲಿ. ಹಳ್ಳಿಯ ಮನೆಗೆ ಬಂದವರು ಪೊಲೀಸ್ ಬಟ್ಟೆಯಲ್ಲಿದ್ದರು. ನಿಮ್ಮ ಸಂಬಂಧಿಕರೊಬ್ಬರು ಅಪಘಾತದಲ್ಲಿ ತೀರಿಕೊಂಡಿದ್ದಾರೆ ಅಂದರು. ಯಾರು ತಾನೇ ಬಾಗಿಲು ತೆಗೆಯಲ್ಲ ಹೇಳು. ಒಳಗೆ ಬಂದವರೇ ಬಂದೂಕು ಹಿಡಿದರು. ಒಬ್ಬರ ಹೆಂಡತಿಯನ್ನು ಎಲ್ಲಿಗೋ ಕರೆದುಕೊಂಡು ಹೋದರು. ಇನ್ನೊಬ್ಬರ ಅಪ್ಪ ಅಮ್ಮ, ಮನೆಮಂದಿಯನ್ನೆಲ್ಲ ಅಲ್ಲೇ ಕೂರಿಸಿಕೊಂಡರು. ನಾಳೆ ಎಂದಿನಂತೆ ಕೆಲಸಕ್ಕೆ ಹೋಗಿ, ನಾವು ಹೇಳಿದ್ದು ಮಾಡಿ, ಇಲ್ಲದಿದ್ದರೆ ಇವರು ಉಳಿಯಲ್ಲ. ಇಷ್ಟೇ ಮಾತು. ನಿಮ್ಮ ಕಡೆ ಇದನ್ನು ಟೈಗರ್ ಕಿಡ್ನ್ಯಾಪ್ ಅಂತಾರೆ. ಹುಲಿ ಬೇಟೆಯನ್ನು ದಿನಗಟ್ಟಲೆ ನೋಡಿಕೊಂಡು ಇರುತ್ತಲ್ಲ, ಹಾಗೆ.

ಸೋಮವಾರ ಆ ಇಬ್ಬರೂ ಡೊನೆಗಾಲ್ ಸ್ಕ್ವೇರ್ ವೆಸ್ಟ್‌ನ ಹೆಡ್ ಆಫೀಸಿಗೆ ಹೋಗಿ ದಿನವಿಡೀ ಕೆಲಸ ಮಾಡಿದರು. ನಾನು ಈ ದಿನದ ಬಗ್ಗೆ ತುಂಬಾ ಯೋಚಿಸಿದ್ದೇನೆ. ಕ್ರಿಸ್‌ಮಸ್‌ಗೆ ಐದೇ ದಿನ. ಪಕ್ಕದ ಟೇಬಲ್ಲಿನವರು ಜೋಕ್ ಹೇಳಿರ್ತಾರೆ, ಯಾರೋ ಕೇಕು ಹಂಚಿರ್ತಾರೆ. ಇವರು ನಗಬೇಕು, ತಿನ್ನಬೇಕು. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬರು 10 ಲಕ್ಷ ಪೌಂಡನ್ನು ಸ್ಪೋರ್ಟ್ಸ್ ಬ್ಯಾಗಿನಲ್ಲಿ ತುಂಬಿಕೊಂಡು ಹೊರಗೆ ನಡೆದು, ಬಸ್ ಸ್ಟಾಪಿನಲ್ಲಿ ಕಾಯುತ್ತಿದ್ದವನಿಗೆ ಕೊಟ್ಟು ಬಂದರು. ಅದು ಬರೀ ಪರೀಕ್ಷೆ. ನೂರು ಪೌಂಡಿನ ನೋಟೇ ಅಂದುಕೊಂಡರೂ 10,000 ನೋಟು, ನಮ್ಮ ಲೆಕ್ಕದಲ್ಲಿ ಸಾವಿರ ನೋಟಿನ ಹತ್ತು ಬಂಡಲ್. ಹತ್ತು ಕೆಜಿಗೆ ಮೇಲೆ. ಹೆಗಲು ಒಂದು ಕಡೆ ವಾಲುತ್ತೆ. ಯಾರೂ ನೋಡಲಿಲ್ಲ. ಆಮೇಲೆ ಬಿಳಿ ವ್ಯಾನು ಬಂತು. ತುಂಬಿಕೊಂಡು ಹೋಯಿತು. ವಾಪಸ್ ಬಂದು ಇನ್ನೊಮ್ಮೆ ತುಂಬಿಕೊಂಡು ಹೋಯಿತು. ಒಟ್ಟು 2.65 ಕೋಟಿ ಪೌಂಡ್. ಆಗಿನ ಲೆಕ್ಕದಲ್ಲಿ 200 ಕೋಟಿ ರೂಪಾಯಿಗೂ ಮೇಲೆ.

ಆ ಹೆಂಡತಿಯನ್ನು ಒಂದು ಕಾಡಿನಲ್ಲಿ ಬಿಟ್ಟುಹೋಗಿದ್ದರು. ಡಿಸೆಂಬರ್ ರಾತ್ರಿ. ನಡುಗುತ್ತಾ ನಡೆದು ಒಂದು ಮನೆ ಬಾಗಿಲು ತಲುಪಿದಾಗ ಮೈ ತಣ್ಣಗಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಇಬ್ಬರನ್ನೇ ಯಾಕೆ ಹಿಡಿದರು ಅಂತ ನಿನ್ನ ಟ್ಯಾಕ್ಸಿಯವನು ಹೇಳಿದನಾ? ನಾನು ಹೇಳ್ತೀನಿ. ದುಡ್ಡಿನ ಕೋಣೆಯನ್ನು ಒಬ್ಬರ ಕೈಯಲ್ಲಿ ಬಿಡಬಾರದು ಅನ್ನೋದು ಜಗತ್ತಿನ ಎಲ್ಲಾ ಬ್ಯಾಂಕಿನ ರೂಲು. ನಮ್ಮಲ್ಲೂ ಅಷ್ಟೇ. ಸ್ಟ್ರಾಂಗ್ ರೂಮಿಗೆ ಎರಡು ಬೀಗದ ಕೈ, ಒಂದು ಮ್ಯಾನೇಜರ್ ಅಥವಾ ಅಕೌಂಟೆಂಟ್ ಹತ್ತಿರ, ಇನ್ನೊಂದು ಹೆಡ್ ಕ್ಯಾಷಿಯರ್ ಹತ್ತಿರ. ಇಬ್ಬರೂ ಬಂದರೆ ಮಾತ್ರ ಬಾಗಿಲು. ಒಬ್ಬ ಕೆಟ್ಟವನಾದರೆ ಇನ್ನೊಬ್ಬ ತಡೀಲಿ ಅಂತ ಮಾಡಿದ್ದು. ಆದರೆ ಕಳ್ಳನ ಕಣ್ಣಿನಿಂದ ನೋಡು, ಎರಡು ಬೀಗದ ಕೈ ಅಂದರೆ ಎರಡು ಮನೆ ಅಷ್ಟೇ.

ಆ ಎರಡನೇ ಬೀಗದ ಕೈ ಸುಮಾರು ವರ್ಷ ನಮ್ಮನೆಯಲ್ಲಿತ್ತು. ಉದ್ದ ಕಾಂಡ, ತುದಿಯಲ್ಲಿ ರೆಕ್ಕೆಯ ಹಾಗೆ ಎರಡು ಕಡೆ ಹಲ್ಲು. ಕಪ್ಪು ಚರ್ಮದ ಚೀಲದಲ್ಲಿ ಹಾಕಿ, ಆ ಚೀಲವನ್ನು ದಿಂಬಿನ ಕವರಿನೊಳಗೆ ತುರುಕಿ ಮಲಗುತ್ತಿದ್ದೆ. ನಿನಗೆ ಮೂರು ವರ್ಷ ಇರುವಾಗ ಒಂದು ಬೆಳಗ್ಗೆ ಅದು ಕಾಣಲಿಲ್ಲ. ಒಂಬತ್ತು ಗಂಟೆ. ಹಾಸಿಗೆ ಬಿಚ್ಚಿದ್ದಾಯಿತು, ಅಜ್ಜಿ ದೇವರಿಗೆ ಹರಕೆ ಹೊತ್ತಿದ್ದಾಯಿತು, ನಾನು ಅಳೋದೊಂದು ಬಾಕಿ. ಕಡೆಗೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿತು. ನೀನು 'ಬೀಗಕ್ಕೆ ಮಮ್ಮು' ಅಂದೆ. ಈ ಕಥೆ ಹೇಳಿ ನಾವೆಲ್ಲ ಎಷ್ಟು ಸಲ ನಕ್ಕಿದ್ದೇವೆ ಅಲ್ವಾ. ಬೆಲ್‌ಫಾಸ್ಟ್ ವಿಷಯ ಓದಿದ ಮೇಲೆ ನನಗೆ ಆ ನಗು ಬರಲಿಲ್ಲ. ಯಾರಾದರೂ ಬಂದಿದ್ದರೆ ಬೀಗದ ಕೈಗೆ ಅಂತ ಬರ್ತಿರಲಿಲ್ಲ. ನಿನಗೋಸ್ಕರ ಬರ್ತಿದ್ದರು. ಕತ್ತಲಾದ ಮೇಲೆ ಬಾಗಿಲು ಬಡಿದರೆ ಮೊದಲು ಕಿಟಕಿಯಿಂದ ನೋಡು ಅಂತ ನಾನು ಬಡ್ಕೊಳ್ತಿದ್ದದ್ದು, ನೀನು ಅಮ್ಮಂಗೆ ಅನುಮಾನ ಜಾಸ್ತಿ ಅಂತ ಮುಖ ಊದಿಸ್ತಿದ್ದದ್ದು, ಅದಕ್ಕೆಲ್ಲ ಕಾರಣ ಇದು.

ದರೋಡೆ ಆದ ಮೇಲೆ ನಿನ್ನ ಊರಿನವರು ಊಹೆ ಮಾಡಿದ್ದೇನು ತಪ್ಪಲ್ಲ ಬಿಡು. ಅಲ್ಲಿನ ಶಾಂತಿ ಮಾತುಕತೆ ಮುರಿದುಬಿದ್ದು ಎರಡು ವಾರವೂ ಆಗಿರಲಿಲ್ಲ. 2005ರ ಜನವರಿ 7ಕ್ಕೆ ಪೊಲೀಸ್ ಮುಖ್ಯಸ್ಥ ಹ್ಯೂ ಓರ್ಡ್ ಇದು ಉತ್ತರ ಐರ್ಲೆಂಡ್ ಬ್ರಿಟನ್ನಿನಿಂದ ಬೇರೆಯಾಗಬೇಕು ಅಂತ ಬಂದೂಕು ಹಿಡಿದಿದ್ದ ಐಆರ್‌ಎ ಕೆಲಸ ಅಂತಲೇ ಹೇಳಿದರು. ಐಆರ್‌ಎ ಮಾತ್ರ ನಾವಲ್ಲವೇ ಅಲ್ಲ ಅಂದಿತು. ಅಷ್ಟು ಹೊತ್ತಿಗೆ ಪ್ರತಿ ಪಬ್ಬಿನಲ್ಲೂ ಒಂದೊಂದು ಕಥೆ ಹುಟ್ಟಿರಬೇಕು. ಫೆಬ್ರುವರಿಯಲ್ಲಿ ಪೊಲೀಸರದ್ದೇ ಕ್ಲಬ್ಬಿನ ಟಾಯ್ಲೆಟ್ಟಿನಲ್ಲಿ 50,000 ಪೌಂಡ್ ಸಿಕ್ಕಿತು ಗೊತ್ತಾ? ದಾರಿ ತಪ್ಪಿಸೋಕೆ ಇಟ್ಟರೋ, ಅಣಕಿಸೋಕೆ ಇಟ್ಟರೋ. ಇಂಥದ್ದು ಸಿಕ್ಕರೆ ನಮ್ಮ ಹಾಲಿನ ಬೂತಿನವರು ಆರು ತಿಂಗಳು ಅದರಲ್ಲೇ ಬದುಕುತ್ತಾರೆ.

ನನಗೆ ಇನ್ನೂ ಮಜಾ ಅನ್ನಿಸಿದ್ದು ನೋಟಿನ ವಿಷಯ. ಅಲ್ಲಿ ಬ್ಯಾಂಕುಗಳು ತಮ್ಮ ಹೆಸರಿನಲ್ಲೇ ನೋಟು ಅಚ್ಚು ಹಾಕ್ತವೆ ಅಂತ ನೀನೇ ಫೋಟೋ ಕಳಿಸಿದ್ದೆಯಲ್ಲ. ಹೋದ ದುಡ್ಡಿನಲ್ಲಿ ಜಾಸ್ತಿ ಪಾಲು ಆ ಬ್ಯಾಂಕಿನ ನೋಟೇ. ಹತ್ತು ಪೌಂಡಿನಿಂದ ಮೇಲಿನ ತನ್ನ ಎಲ್ಲಾ ನೋಟನ್ನೂ ಬ್ಯಾಂಕು ವಾಪಸ್ ತೆಗೆದುಕೊಂಡು ಬಣ್ಣ ಬದಲಿಸಿ ಹೊಸದು ಕೊಟ್ಟಿತು. 2016ರ ನವೆಂಬರಿನಲ್ಲಿ ನಾನು ಕೌಂಟರಿನಲ್ಲಿ ಕೂತು ಹಳೇ ನೋಟು ಎಣಿಸಿ ಎಣಿಸಿ ಬೆರಳ ತುದಿ ಒಡೆದುಕೊಂಡಾಗ, ಆ ಊರಿನ ಕ್ಯಾಷಿಯರುಗಳು ನೆನಪಾಗಿದ್ದರು. ಈಗ ಆ ಬ್ಯಾಂಕಿನ ಹೆಸರೂ ಇಲ್ಲ, 2012ರಿಂದ ಡಾನ್ಸ್ಕೆ ಅಂತ ಆಗಿದೆ.

ಆದರೆ ಊಹೆ ಸುತ್ತಿ ಸುತ್ತಿ ಕಡೆಗೆ ಬಂದು ನಿಂತಿದ್ದು ಎಲ್ಲಿ? ಬೀಗದ ಕೈ ಇದ್ದವನ ಮನೆ ಮುಂದೆ. ಅಪ್ಪ ಅಮ್ಮನ ಎದುರು ಬಂದೂಕು ಕಂಡಿದ್ದ ಆ ಹುಡುಗನನ್ನೇ 2005ರ ಕೊನೆಯಲ್ಲಿ ಆರೋಪಿ ಮಾಡಿದರು. ಆ ದಿನದ ಡ್ಯೂಟಿ ಪಟ್ಟಿ ಬದಲಾಗಿದ್ದೂ ಕೋರ್ಟಿನಲ್ಲಿ ಚರ್ಚೆಯಾಯಿತು. ಡ್ಯೂಟಿ ಬದಲಾವಣೆ! ನಿನ್ನ ಸ್ಕೂಲ್ ಡೇ, ಅವಳ ಮನೆ ಸತ್ಯನಾರಾಯಣ ಪೂಜೆ, ಇವರ ಮಾವನ ತಿಥಿ ಅಂತ ನಾವು ವಾರಕ್ಕೊಂದು ಸಲ ಬದಲಿಸಿಕೊಳ್ತಿದ್ದೆವು. 2008ರ ಅಕ್ಟೋಬರಿನಲ್ಲಿ ಆರೋಪ ನಿಲ್ಲದೆ ಖುಲಾಸೆಯಾಯಿತು. ದರೋಡೆ ಮಾಡಿದ್ದಕ್ಕೆ ಅಂತ ಇವತ್ತಿನವರೆಗೂ ಒಬ್ಬರಿಗೂ ಶಿಕ್ಷೆ ಆಗಿಲ್ಲ. ಇಷ್ಟು ವರ್ಷದ ಮೇಲೂ ಟ್ಯಾಕ್ಸಿಯಲ್ಲಿ ಕೂತ ಪರದೇಶದ ಹುಡುಗಿಗೆ 'ಒಳಗಿನವರು' ಅಂತ ಹೇಳೋರು ಮಾತ್ರ ಇದ್ದಾರೆ.

ಒಳಗಿನವರು ಇರೋದೇ ಇಲ್ಲ ಅಂತ ನಾನು ವಾದ ಮಾಡಲ್ಲ. ಹೋದ ವರ್ಷ, 2025ರ ಮೇನಲ್ಲಿ ವಿಜಯಪುರ ಜಿಲ್ಲೆಯ ಮನಗೂಳಿಯ ಬ್ಯಾಂಕಿನಲ್ಲಿ ಸುಮಾರು 59 ಕೆಜಿ ಒಡವೆ ಹೋಯಿತಲ್ಲ, ಅಲ್ಲಿ ಮಾಟದ ಗೊಂಬೆ ಇಟ್ಟು ದಾರಿ ತಪ್ಪಿಸೋಕೆ ನೋಡಿದ್ದರು. ಪೊಲೀಸರು ಹಿಡಿದದ್ದು ಆ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವನನ್ನೇ. ಓದಿ ನನಗೆ ನಾಚಿಕೆಯಾಯಿತು. ಆದರೆ ಅದಕ್ಕೂ ಮೊದಲು, 2024ರ ಅಕ್ಟೋಬರಿನಲ್ಲಿ ಇಲ್ಲೇ ಪಕ್ಕದ ನ್ಯಾಮತಿಯ ಬ್ಯಾಂಕಿನಲ್ಲಿ ಹದಿನೇಳು ಕೆಜಿಗೂ ಮೇಲೆ ಒಡವೆ ಕದ್ದು, ನಾಯಿಗೆ ವಾಸನೆ ಸಿಗದಿರಲಿ ಅಂತ ಖಾರದ ಪುಡಿ ಎರಚಿ ಹೋಗಿದ್ದರು. ಆಗ ನಮ್ಮ ಬೀದಿಯಲ್ಲಿ ಮೊದಲ ವಾರ ಸಿಬ್ಬಂದಿ, ಎರಡನೇ ವಾರ ಉತ್ತರ ಭಾರತದ ಗ್ಯಾಂಗು, ಮೂರನೇ ವಾರ ಮತ್ತೆ ಸಿಬ್ಬಂದಿ. ಐದು ತಿಂಗಳಾದ ಮೇಲೆ ಪೊಲೀಸರು ಹೇಳಿದ್ದೇನು? ಸಾಲ ಕೇಳಿ ಸಿಗದೆ ಹೋದ ಸ್ವೀಟ್ ಅಂಗಡಿಯವನು ಮಾಡಿಸಿದ್ದು ಅಂತ. ಒಡವೆ ಸಿಕ್ಕಿದ್ದು ತಮಿಳುನಾಡಿನ ಒಂದು ಬಾವಿಯಲ್ಲಿ. ದರೋಡೆ ಬಗ್ಗೆ ಮಾತಾಡ್ತಾ ಅದೇ ಅಂಗಡಿಯಲ್ಲಿ ಖಾರ ಬೂಂದಿ ಕಟ್ಟಿಸಿಕೊಂಡವರು ಎಷ್ಟು ಜನ ಇದ್ದರೋ.

ಇನ್ನು ಹೇಳಬೇಕಾದ್ದು ಹೇಳಿಬಿಡ್ತೀನಿ.

ನಿನಗೆ ಬಿಸ್ಕತ್ತು ಮಾಮ ನೆನಪಿದೆಯಾ? ನಾನು ಹೆಡ್ ಕ್ಯಾಷಿಯರ್ ಆಗಿದ್ದ ಆ ಸಣ್ಣ ಊರಿನ ಬ್ಯಾಂಕಿನ ಜವಾನ. ನೀನು ಸ್ಕೂಲು ಬಿಟ್ಟು ಬಂದರೆ ಕೌಂಟರಿನ ಹಿಂದೆ ಕೂರಿಸಿ ಟೀಗೆ ಬಿಸ್ಕತ್ತು ಅದ್ದಿ ಕೊಡ್ತಿದ್ದ. 2004ರ ಮಳೆಗಾಲ. ಒಂದು ಸೋಮವಾರ ಹೋಗಿ ನೋಡಿದರೆ ಹಿಂದಿನ ಕಿಟಕಿಯ ಸರಳು ಕುಯ್ದಿತ್ತು. ಒಳಗೆ ಕೆಸರು ಹೆಜ್ಜೆ. ಸ್ಟ್ರಾಂಗ್ ರೂಮಿನ ಬಾಗಿಲಿಗೆ ಗೀರು ಬಿದ್ದಿತ್ತು ಅಷ್ಟೇ, ಒಂದು ಪೈಸೆ ಹೋಗಿರಲಿಲ್ಲ. ಆದರೂ ಮಧ್ಯಾಹ್ನದೊಳಗೆ ಊರಲ್ಲಿ ಲಕ್ಷಗಟ್ಟಲೆ ಹೋಗಿತ್ತು. ಟೀ ಅಂಗಡಿಯಲ್ಲಿ ಮೊದಲು ಬಂದ ಹೆಸರು ನಂದೇ, ಆಗ ನಾವು ಮನೆ ಕಟ್ಟಿಸ್ತಿದ್ದೆವಲ್ಲ. ಅಪ್ಪನಿಗೆ ಯಾರೋ ಬಂದು ಹೇಳಿದರು. ನನಗೆ ಕೈಕಾಲು ತಣ್ಣಗಾಯಿತು.

ಸಂಜೆ ಇನ್ಸ್‌ಪೆಕ್ಟರ್ ಬಂದು ಒಬ್ಬೊಬ್ಬರನ್ನೇ ಕೂರಿಸಿ ಕೇಳಿದರು. ನನ್ನನ್ನೂ ಕೇಳಿದರು, ಯಾರ ಮೇಲಾದರೂ ಅನುಮಾನ ಇದೆಯಾ ಅಂತ. ಹಾಗೇನಿಲ್ಲ ಸಾರ್ ಅಂದೆ. ಅಲ್ಲಿಗೆ ನಿಲ್ಲಿಸಬಹುದಿತ್ತು. 'ಜವಾನನಿಗೆ ಸ್ವಲ್ಪ ಕೈಸಾಲ ಇದೆ ಅಂತ ಕೇಳಿದ್ದೆ' ಅಂದುಬಿಟ್ಟೆ. ಯಾರೂ ಕೇಳಿರಲಿಲ್ಲ ಪುಟ್ಟಿ. ನನ್ನ ಮನೆಯ ಮಾತು ಬಿಟ್ಟು ಬೇರೆ ಏನಾದರೂ ಅವರು ಬರೆದುಕೊಳ್ಳಲಿ ಅಂತ ಹೇಳಿದ್ದು. ಅವರು ಬರೆದುಕೊಂಡರು.

ಅವನನ್ನು ಮೂರು ದಿನ ಸ್ಟೇಷನ್ನಿಗೆ ಕರೆಸಿದರು. ಬೆಳಗ್ಗೆ ಹೋದರೆ ರಾತ್ರಿ ಬಿಡೋದು. ಅವನ ಹೆಂಡತಿಗೆ ದಿನಸಿ ಅಂಗಡಿಯಲ್ಲಿ ಕಡ ಕೊಡೋದು ನಿಲ್ಲಿಸಿದರು. ಹುಡುಗ ಸ್ಕೂಲಿಗೆ ಹೋಗಲ್ಲ ಅಂತ ಮನೆಯಲ್ಲೇ ಕೂತ. ಎರಡು ತಿಂಗಳಾದ ಮೇಲೆ ಬೇರೆ ಊರಿನಲ್ಲಿ ಬೇರೆ ಕೇಸಿನಲ್ಲಿ ಸಿಕ್ಕಿದವರು ನಮ್ಮ ಕಿಟಕಿಯನ್ನೂ ಒಪ್ಪಿಕೊಂಡರು. ಅವನು ಯಾವತ್ತಿನಂತೆ ಹನ್ನೊಂದು ಗಂಟೆಗೆ ನನ್ನ ಟೇಬಲ್ಲಿಗೆ ಟೀ ತಂದಿಟ್ಟ. ಸಕ್ಕರೆ ಕಮ್ಮಿ, ನನಗೆ ಬೇಕಾದ ಹಾಗೆ. ಅವನಿಗೆ ಗೊತ್ತಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನಿಗೂ ನಾನು ಇದನ್ನು ಹೇಳಿರಲಿಲ್ಲ, ಮೊನ್ನೆ ಭಾನುವಾರ ರಾತ್ರಿಯವರೆಗೆ.

ಅಪ್ಪ ಏನೂ ಅನ್ನಲಿಲ್ಲ. ಎದ್ದು ಹೋಗಿ ಟೀವಿ ಪಕ್ಕದಲ್ಲಿ ಬಿದ್ದಿದ್ದ ಒಂದು ಲಗ್ನಪತ್ರಿಕೆ ತಂದು ಕೊಟ್ಟರು. ಬಿಸ್ಕತ್ತು ಮಾಮನ ಆ ಹುಡುಗನ ಮದುವೆ, ಮುಂದಿನ ತಿಂಗಳು 14ಕ್ಕೆ. ಪೋಸ್ಟಿನಲ್ಲಿ ಬಂದಿದ್ದು. ನನ್ನ ಹೆಸರಿನ ಮುಂದೆ 'ಹೆಡ್ ಕ್ಯಾಷಿಯರ್ ಮೇಡಂ' ಅಂತ ಅವನೇ ಕೈಯಲ್ಲಿ ಬರೆದಿದ್ದಾನೆ. ಬಸ್ಸು ಬೆಳಗ್ಗೆ ಆರಕ್ಕೆ. ಅಪ್ಪ ಎರಡು ಸೀಟು ಬುಕ್ ಮಾಡಿದ್ದಾರೆ. ನಾವು ಹಿಂದಿನ ದಿನವೇ ಹೋಗೋಣ, ಮದುವೆ ಮನೆ ಗಲಾಟೆಯಲ್ಲಿ ಮಾತಾಡೋಕೆ ಆಗಲ್ಲ ಅಂತ ನಾನು ಹೇಳಿದೆ. ಟಿಕೆಟ್ ಬದಲಿಸ್ತಾ ಇದ್ದಾರೆ.

ಕೋಟು ಹಾಕಿಕೊಂಡು ಹೊರಗೆ ಹೋಗು.

ನಿನ್ನ,
ಅಮ್ಮ